ಬೋಲ್ಟ್ ತೂತಿನ ಎಣ್ಣೆ

ಟಕ್.

ಟಾರ್ಕ್ ಸ್ಪ್ಯಾನರಿನ ಹಿಡಿಯೊಳಗಿಂದ ಹೊರಟ ಸದ್ದು ಶೆಡ್ಡಿನ ತಗಡಿಗೆ ತಾಗಿ ಅಲ್ಲೇ ಅಡಗಿತು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಸಿಲಿಂಡರುಗಳಿರುವ ಕೆಳಗಿನ ಬ್ಲಾಕಿಗೆ ಕೂರಿಸುವಾಗ ಒಂದೊಂದು ಬೋಲ್ಟನ್ನೂ ಎಷ್ಟು ಬಿಗಿಯಬೇಕೆಂಬ ಅಳತೆಯಿದೆ. ಆ ಅಳತೆ ಮುಟ್ಟಿದ ಕೂಡಲೇ ಸ್ಪ್ಯಾನರು ಟಕ್ ಎನ್ನುತ್ತದೆ, ಕೈ ನಿಲ್ಲಬೇಕು. ಕೆಂಪಣ್ಣ ಆ ಸದ್ದನ್ನು ನಂಬಿ ಬದುಕಿದವನು. ಇವತ್ತು ಮಾತ್ರ ಸ್ಪ್ಯಾನರನ್ನು ಪಕ್ಕಕ್ಕಿಟ್ಟು, ಬೋಲ್ಟಿನ ತಲೆಯ ಕೆಳಗಿದ್ದ ವಾಷರನ್ನು ತೋರುಬೆರಳಿನಿಂದ ಮೆಲ್ಲಗೆ ನೂಕಿದ.

ವಾಷರು ತಿರುಗಿತು.

ಪಕ್ಕದ ಬೋಲ್ಟಿನದನ್ನು ನೂಕಿದ. ಅದು ಕಲ್ಲಿನ ಹಾಗೆ ಕೂತಿತ್ತು. ಎರಡಕ್ಕೂ ಅದೇ ಸ್ಪ್ಯಾನರು, ಅದೇ ಅಳತೆ, ಅದೇ ಟಕ್. ವ್ಯತ್ಯಾಸ ಒಂದೇ. ಪಕ್ಕದ ತೂತನ್ನು ಅವನು ಬಟ್ಟೆ ತುರುಕಿ, ಗಾಳಿ ಊದಿ ಒಣಗಿಸಿದ್ದ. ಈ ತೂತಿಗೆ ತನ್ನ ಎಂದಿನ ಪದ್ಧತಿಯಂತೆ ಕೊಕ್ಕಿನ ಡಬ್ಬಿಯಿಂದ ಎಣ್ಣೆ ಬಿಟ್ಟಿದ್ದ.

ಭಾನುವಾರದ ಬೆಳಗ್ಗೆ. ವಿಶಾಖಪಟ್ಟಣದ ಗಾಜುವಾಕದ ಆ ಬೀದಿಯ ಶೆಡ್ಡುಗಳೆಲ್ಲ ಮುಚ್ಚಿದ್ದವು. ಗುಜರಿಗೆಂದು ಎತ್ತಿಟ್ಟಿದ್ದ ಹಳೆಯ ಕಾರಿನ ಬ್ಲಾಕೊಂದನ್ನು ಹೆಡ್ಡಿನ ಸಮೇತ ನೆಲದ ಮೇಲೆ ಇಟ್ಟುಕೊಂಡು ಕೆಂಪಣ್ಣ ಕುಕ್ಕರುಗಾಲಿನಲ್ಲಿ ಕೂತಿದ್ದ. ಐವತ್ತೇಳರ ಗಂಡಸು. ಅವನ ಕಿವಿಯ ಹಿಂದೆ ಬಿಸಿ ಏರಿತು. ಯಾರೂ ನೋಡುತ್ತಿರಲಿಲ್ಲ. ಆದರೂ ಎದ್ದು ಹೋಗಿ ಶೆಡ್ಡಿನ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎಳೆದು ಬಂದ.

ಅವನು ಕೆಲಸ ಕಲಿತದ್ದು ಮದ್ದೂರಿನ ಲಾರಿ ಶೆಡ್ಡಿನಲ್ಲಿ. ಬಂದರಿಗೆ ಅದಿರು ಹೊರುವ ಲಾರಿಗಳ ಜೊತೆ ಮೂರು ತಿಂಗಳಿಗೆಂದು ವಿಶಾಖಪಟ್ಟಣಕ್ಕೆ ಬಂದವನು ಅನಕಾಪಲ್ಲಿಯ ಸಾಯಿಲಕ್ಷ್ಮಿಯನ್ನು ಮದುವೆಯಾಗಿ ಇಲ್ಲಿಯವನೇ ಆದ. ಮನೆಯ ಮಾತು ತೆಲುಗಾಯಿತು. ಕನ್ನಡ ಬೈಯುವುದಕ್ಕೆ, ಮಗಳು ಹರಿಣಿಯನ್ನು ಮುದ್ದು ಮಾಡುವುದಕ್ಕೆ, ವರ್ಗವಾಗಿ ಬರುವ ಬ್ಯಾಂಕಿನವರ ಕಾರುಗಳಿಗೆ ಉಳಿಯಿತು. ಲಾರಿಯಿಂದ ಕಾರಿಗೆ ಬಂದರೂ ಮದ್ದೂರಿನ ಮೇಸ್ತ್ರಿ ಕಲಿಸಿದ ಒಂದು ಪದ್ಧತಿಯನ್ನು ಅವನು ಬಿಡಲಿಲ್ಲ. ಹೆಡ್ ಕೂರಿಸುವ ಮೊದಲು ಬ್ಲಾಕಿನ ಪ್ರತಿ ಬೋಲ್ಟ್ ತೂತಿಗೂ ಎಣ್ಣೆ ಬಿಡುವುದು. ಅಂಗೈಗೆ ತೀರ್ಥ ಹಾಕುವ ಹಾಗೆ, ಒಂದೊಂದಕ್ಕೂ ನಿಂತು, ಮನಸ್ಸಿನಲ್ಲೇ ಮೇಸ್ತ್ರಿಯನ್ನು ನೆನೆದು. ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಯಾರಾದರೂ ಮಾತಾಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಹಳೆಯ ಲಾರಿಗಳ ಬ್ಲಾಕಿನಲ್ಲಿ ಆ ತೂತುಗಳಿಗೆ ತಳವಿರಲಿಲ್ಲ. ಹಾಕಿದ ಎಣ್ಣೆ ಕೆಳಗೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಈಗಿನ ಕಾರುಗಳ ತೂತುಗಳಿಗೆ ತಳವಿದೆ. ಹಾಕಿದ್ದು ಅಲ್ಲೇ ನಿಲ್ಲುತ್ತದೆ. ಮೇಲಿಂದ ಬೋಲ್ಟು ಇಳಿದಾಗ ಎಣ್ಣೆಗೆ ಹೋಗಲು ದಾರಿಯಿಲ್ಲ. ಬೋಲ್ಟು ಎಣ್ಣೆಯ ಮೇಲೆ ಕೂರುತ್ತದೆಯೇ ಹೊರತು ಹೆಡ್ಡನ್ನು ಒತ್ತುವುದಿಲ್ಲ. ಬಿಗಿಯಾಯಿತೆಂದು ಸ್ಪ್ಯಾನರು ಟಕ್ ಎನ್ನುತ್ತದೆ. ಆಮೇಲೆ ಓಡಾಟದ ಕಾವಿಗೆ ಎಣ್ಣೆ ಎಳೆಯೆಳೆಯಾಗಿ ಮೇಲೆ ಜಿನುಗಿ ಹೋದರೆ ಬೋಲ್ಟು ಸಡಿಲವಾಗಿ ಉಳಿಯುತ್ತದೆ. ಒತ್ತಡ ಕಮ್ಮಿಯಿರುವ ಎಂಜಿನ್ನು ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಇಷ್ಟು ಸಣ್ಣ ವಿಷಯ. ಇದು ತಿಳಿಯಲು ಕೆಂಪಣ್ಣನಿಗೆ ಒಂದು ಕಾರು ಎರಡು ಸಲ ಕೆಡಬೇಕಾಯಿತು. ಅಷ್ಟರಲ್ಲಿ ಅವನು ಒಬ್ಬ ಮನುಷ್ಯನನ್ನೂ ಕೆಡಿಸಿದ್ದ.

ಆ ಕಾರು ದಿನಕರನದು. ತುಮಕೂರಿನವನು, ದ್ವಾರಕಾ ನಗರದ ಬ್ಯಾಂಕಿಗೆ ಅಧಿಕಾರಿಯಾಗಿ ಬಂದವನು. ಡೀಸೆಲ್ ಕಾರು, ಟರ್ಬೊ ಇರುವಂಥದ್ದು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಸಿಲಿಂಡರಿನೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ ಅದು. ಒಳಗಿನ ಒತ್ತಡ ಹೆಚ್ಚಿದಷ್ಟೂ ಹೆಡ್ಡು ಮತ್ತು ಬ್ಲಾಕಿನ ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ಟಿಗೆ ಕಷ್ಟ. ಎಲ್ಲಿ ಹಿಡಿತ ಕಮ್ಮಿಯೋ ಅಲ್ಲಿ ಅದು ಬಾಯಿ ಬಿಡುತ್ತದೆ. ಫೆಬ್ರವರಿಯಲ್ಲಿ ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದಾಗ ಕೆಂಪಣ್ಣ ಇದೆಲ್ಲ ಗೊತ್ತಿದ್ದೇ ಕೆಲಸ ಮಾಡಿದ್ದ. ಪಿಸ್ಟನ್ನುಗಳು ಬ್ಲಾಕಿನ ಮೇಲೆ ಎಷ್ಟು ಏಳುತ್ತವೆಂದು ಅಳೆದು, ಅದಕ್ಕೆ ತಕ್ಕ ದಪ್ಪದ ಉಕ್ಕಿನ ಗ್ಯಾಸ್ಕೆಟ್ಟನ್ನೇ ತರಿಸಿದ. ಹಳೆಯ ಬೋಲ್ಟುಗಳನ್ನು ಒಂದು ಸಲ ಎಳೆದ ಮೇಲೆ ಅವು ಮತ್ತೆ ಕೆಲಸಕ್ಕೆ ಬರುವುದಿಲ್ಲವೆಂದು ಹತ್ತಕ್ಕೆ ಹತ್ತೂ ಹೊಸವನ್ನು ಕೊಂಡ. ಹೆಡ್ಡನ್ನು ಮಟ್ಟ ಮಾಡಿಸಲು ಬಸ್ಸಿನ ಪಾರ್ಸೆಲ್ಲಿನಲ್ಲಿ ವಿಜಯವಾಡಕ್ಕೆ, ಬಾಬ್ಜಿಗೆ ಕಳಿಸಿದ.

ಬಾಬ್ಜಿಯ ಗ್ರೈಂಡಿಂಗ್ ಮಷಿನ್ ಇರುವುದು ವಿಜಯವಾಡದ ಆಟೋನಗರದಲ್ಲಿ. ಊರಿನಲ್ಲೇ ನಾಲ್ಕು ಮಷಿನ್ನುಗಳಿದ್ದರೂ ಕೆಂಪಣ್ಣ ಇಪ್ಪತ್ತು ವರ್ಷದಿಂದ ಹೆಡ್ಡುಗಳನ್ನು ಅಷ್ಟು ದೂರ ಕಳಿಸುತ್ತಿದ್ದ. ಬಾಬ್ಜಿ ಮುಟ್ಟಿದ ಹೆಡ್ಡಿನ ಮೇಲೆ ಉಗುರು ಎಳೆದರೆ ಉಗುರಿಗೆ ಏನೂ ಸಿಗುವುದಿಲ್ಲ ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದ. ಅವನನ್ನು ನೋಡಿ ಗಾಜುವಾಕದ ಇಪ್ಪತ್ತು ಶೆಡ್ಡಿನವರೂ ಬಾಬ್ಜಿಗೇ ಕಳಿಸತೊಡಗಿದ್ದರು.

ಹೆಡ್ ಕೂರಿಸುವ ದಿನ ಹರಿಣಿ ಊಟದ ಕ್ಯಾರಿಯರ್ ಹಿಡಿದು ಶೆಡ್ಡಿಗೆ ಬಂದಿದ್ದಳು. ಗಾಜುವಾಕದ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದ್ದರಿಂದ ಆ ಎಂಜಿನ್ನಿನ ಕೈಪಿಡಿಯನ್ನು ಫೋನಿನಲ್ಲಿ ತೆರೆದು ಸಾಲು ಸಾಲು ಹೇಳುವುದು ಅವಳ ಕೆಲಸ. ಅಪ್ಪನನ್ನು ಅವಳು ತೆಲುಗಿನಲ್ಲಿ ನಾನ್ನಾ ಎನ್ನುತ್ತಿದ್ದಳು.

"ನಾನ್ನಾ, ಇಲ್ಲಿ ಚೂಡು. ಬೋಲ್ಟ್ ಹೋಲ್ಸ್ ಕ್ಲೀನಾಗಿ, ಡ್ರೈಯಾಗಿ ಇರಬೇಕಂತೆ. ಒಳಗೆ ಆಯಿಲ್, ನೀರು ಏನೂ ನಿಂತಿರಕೂಡದಂತೆ."

"ಬೋಲ್ಟಿಗೆ ಎಣ್ಣೆ ಸವರಬೇಕು ಅಂತ್ಲೂ ಬರ್ದದೆ, ಇಲ್ವಾ?"

"ಬೋಲ್ಟಿಗೆ ಸ್ವಲ್ಪ. ಹೋಲಿಗಲ್ಲ, ನಾನ್ನಾ."

"ಸುಮ್ಕಿರವ್ವ. ಆ ಪುಸ್ತಕ ಬರ್ದೋನು ಎಷ್ಟು ಲಾರಿ ಬಿಚ್ಚವ್ನೆ, ಕೇಳು."

ಹರಿಣಿ ನಕ್ಕಿದ್ದಳು. ಅವನು ಕೊಕ್ಕಿನ ಡಬ್ಬಿ ಎತ್ತಿಕೊಂಡು, ಒಂದೊಂದು ತೂತಿಗೂ ನಿಂತು, ಮೇಸ್ತ್ರಿಯನ್ನು ನೆನೆದಿದ್ದ.

ಏಪ್ರಿಲಿನಲ್ಲಿ ದಿನಕರ ಹೆಂಡತಿ ಶಾರದಾಳೊಂದಿಗೆ ವಿಜಯವಾಡಕ್ಕೆ ಹೊರಟಾಗ ತುನಿಯ ಹತ್ತಿರ ಕಾರು ಬಿಳಿ ಹೊಗೆ ಉಗುಳಿ ನಿಂತಿತು. ರೇಡಿಯೇಟರಿನ ನೀರೆಲ್ಲ ರಸ್ತೆಗೆ. ಗಂಡ ಹೆಂಡತಿ ಮೂರು ಗಂಟೆ ಬಿಸಿಲಿನಲ್ಲಿ ನಿಂತರು. ಎಳೆದು ತಂದ ಕಾರಿನ ಹೆಡ್ಡನ್ನು ಕೆಂಪಣ್ಣ ಬಿಚ್ಚಿದ. ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ಟು ಸುಟ್ಟು ಕಪ್ಪಾಗಿತ್ತು. ಅವನು ಹೆಡ್ಡಿನ ಮೇಲೆ ಉಕ್ಕಿನ ಮಟ್ಟಪಟ್ಟಿ ಇಟ್ಟು, ಅದರ ಕೆಳಗೆ ಕಾಗದಕ್ಕಿಂತ ತೆಳುವಾದ ಫೀಲರ್ ಎಲೆಯನ್ನು ತೂರಿಸಲು ನೋಡಿದ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎಲ್ಲೂ ತೂರಲಿಲ್ಲ. ಬಾಬ್ಜಿಯ ಕೆಲಸದಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ.

ಅದು ಅವನಿಗೆ ಆಗಲೇ ಗೊತ್ತಿತ್ತು. ಈಗ ಗುಜರಿ ಬ್ಲಾಕಿನ ಮುಂದೆ ಕೂತು ನೆನೆಯುವಾಗ ಕೆಂಪಣ್ಣನನ್ನು ಚುಚ್ಚುತ್ತಿದ್ದುದು ಎಣ್ಣೆಯಲ್ಲ, ಇದು. ಎಣ್ಣೆಯ ವಿಷಯ ತಿಳಿಯದೆ ಮಾಡಿದ್ದು. ಮಟ್ಟಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಸುಳ್ಳು ಹೇಳಿದ್ದ.

"ಯಾಕ್ ಹೋಯ್ತು ಕೆಂಪಣ್ಣೋರೆ?" ಎಂದು ದಿನಕರ ಕೇಳಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮೋರು ಅಂತ ಕಣ್ಮುಚ್ಚಿ ಕೊಟ್ಟಿದ್ವಿ."

"ಗ್ರೈಂಡಿಂಗ್ ಸರಿ ಆಗಿಲ್ಲ ಸಾರ್. ವಿಜಯವಾಡದೋನು ಕೆಡಿಸ್ಬುಟ್ಟ."

ಮಾತು ಬಾಯಿಗೆ ತಾನಾಗಿ ಬಂದಿತ್ತು. ಬಂದದ್ದನ್ನು ನಿಜ ಮಾಡಬೇಕಲ್ಲ. ಸಂಜೆ ಗಾಜುವಾಕದಿಂದ ವಿಜಯವಾಡದವರೆಗಿನ ಮೆಕ್ಯಾನಿಕ್ಕುಗಳ ವಾಟ್ಸಾಪ್ ಗುಂಪಿನಲ್ಲಿ ಕೆಂಪಣ್ಣ ಒಂದು ದನಿ ಸಂದೇಶ ಬಿಟ್ಟ. ಬಾಬ್ಜಿಗೆ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. "ಆಪರೇಷನ್ ಆದ ಮೇಲೆ ಬಾಬ್ಜಿ ಕಣ್ಣು ಮೊದಲಿನ ಹಾಗಿಲ್ಲ. ಹೆಡ್ ಕಳಿಸುವವರು ಒಂದು ಸಲ ಯೋಚನೆ ಮಾಡಿ" ಎಂದ. ಹದಿನಾಲ್ಕು ಸೆಕೆಂಡಿನ ಮಾತು. ನೂರ ಅರವತ್ತು ಜನ ಕೇಳಿದರು.

ಬಾಬ್ಜಿ ಒಂದು ಗಂಟೆಯ ಮೇಲೆ ಉತ್ತರ ಬರೆದ. "ಸರಿ ಅನ್ನಯ್ಯಾ. ಮಷಿನ್ ನೋಡಿಸುತ್ತೇನೆ." ಅಷ್ಟೇ.

ಕೆಂಪಣ್ಣ ಅದೇ ಹೆಡ್ಡನ್ನು ಊರಿನ ಇನ್ನೊಂದು ಮಷಿನ್ನಿನಲ್ಲಿ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ಟು, ಹೊಸ ಬೋಲ್ಟು ಹಾಕಿ ಕಾರನ್ನು ಮತ್ತೆ ಕಟ್ಟಿದ. ಹತ್ತು ತೂತಿಗೂ ಎಣ್ಣೆ ಬಿಟ್ಟ. ಆಗಸ್ಟಿನ ಎರಡನೆಯ ವಾರ ಕಾರು ಮತ್ತೆ ರೇಡಿಯೇಟರಿನ ನೀರು ಕುಡಿಯತೊಡಗಿತು. ಶನಿವಾರ ಬಿಚ್ಚಿ ನೋಡಿದರೆ ಅದೇ ಮೂರು ಮತ್ತು ನಾಲ್ಕರ ನಡುವೆ, ಅದೇ ಕಪ್ಪು ಕಲೆ. ಈ ಸಲ ತಪ್ಪು ಹೊರಿಸಲು ಬಾಬ್ಜಿ ಇರಲಿಲ್ಲ.

ಹರಿಣಿ ಬಂದವಳು ಬಗ್ಗಿ ನೋಡಿದಳು. ಏನನ್ನೂ ಕೇಳದೆ ಅಂಗಡಿಗೆ ಹೋಗಿ, ಐದು ಎಂ.ಎಲ್. ಸಿರಿಂಜಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿಕೊಂಡು ಬಂದಳು. ಕಪ್ಪು ಕಲೆಯ ಎರಡು ಪಕ್ಕದ ತೂತುಗಳಿಗೆ ಇಳಿಸಿ ಎಳೆದಳು. ಸಿರಿಂಜಿನ ಮುಕ್ಕಾಲು ಭಾಗ ಎಣ್ಣೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾನೆಟ್ಟಿನ ಮೇಲೆ ಇಟ್ಟು, "ಅನ್ನ ಆರ್ತಾ ಇದೆ, ತಿನ್ನು ನಾನ್ನಾ" ಎಂದು ಹೋದಳು. ಹೇಳಿದ್ದೆನಲ್ಲ ಎಂದು ಅವಳು ಅಂದಿದ್ದರೆ ಅವನು ಎರಡು ಮಾತು ಬೈದು ಹಗುರಾಗುತ್ತಿದ್ದ.

ಅದಕ್ಕೇ ಭಾನುವಾರ ಒಬ್ಬನೇ ಬಂದು ಗುಜರಿ ಬ್ಲಾಕಿನ ಮೇಲೆ ಪರೀಕ್ಷೆ ಮಾಡಿದ್ದು. ಎಲ್ಲೋ ಒಂದು ಕಡೆ, ಎಣ್ಣೆಯದು ತಪ್ಪಿಲ್ಲ ಎಂದು ತೇಲಲಿ ಎಂಬ ಆಸೆಯಿತ್ತು. ವಾಷರು ತಿರುಗಿ ಆ ಆಸೆಯೂ ಹೋಯಿತು.

ಮಧ್ಯಾಹ್ನ ದಿನಕರನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದ. ದಿನಕರ ಸಂಭಾವಿತ. "ಆಯ್ತು ಬಿಡಿ, ಈ ಸಲ ಸರಿ ಮಾಡಿಕೊಡಿ" ಎಂದ. ಆಮೇಲೆ ಸುಮ್ಮನೆ, ಬ್ಯಾಂಕಿನ ಕಾಗದ ತಾಳೆ ನೋಡುವವನ ಹಾಗೆ ಕೇಳಿದ:

"ಹಾಗಾದ್ರೆ ವಿಜಯವಾಡದೋರದ್ದು ಏನೂ ತಪ್ಪಿರಲಿಲ್ಲ?"

"ಇರ್ನಿಲ್ಲ ಸಾರ್."

"ಓ," ಎಂದ ದಿನಕರ.

ಆ "ಓ" ಎಂಬುದು ಕೆಂಪಣ್ಣನ ಕಿವಿಯಲ್ಲಿ ಸಂಜೆಯವರೆಗೆ ಇತ್ತು. ಸಂಜೆ ಗ್ಯಾಸ್ಕೆಟ್ಟಿಗೆಂದು ಬಿಡಿಭಾಗದ ಅಂಗಡಿಯ ರಾಮಮೋಹನ್ ಮನೆಗೆ ಹೋದ. ರಾಮಮೋಹನ್ ಗುಂಪಿನ ಹಿರಿಯ. ಎರಡು ಊರಿನ ಸುದ್ದಿಯೂ ಅವನ ನಾಲಗೆಯ ಮೇಲೆ. ಗಾಜುವಾಕದಲ್ಲಿ ಎಲ್ಲರೂ ಆಡುವ ತೆಲುಗಿನಲ್ಲೇ ಅವನು ಹೇಳಿದ.

"ಕೇಳಿದ್ರಾ ಕೆಂಪಣ್ಣಗಾರು? ಬಾಬ್ಜಿ ಮಷಿನ್ ಮಾರ್ತಾ ಇದಾನೆ. ಏಲೂರಿನ ಹುಡುಗ ಯಾರೋ ನಾಳೆ ಬಂದು ನೋಡ್ತಾನಂತೆ."

"ಯಾಕೆ?"

"ಯಾಕೆ ಅಂತ ನೀವು ಕೇಳಬೇಕಾ?" ರಾಮಮೋಹನ್ ನಕ್ಕ. "ಒಂದು ಹೆಡ್ ಉಜ್ಜುತ್ತಾನಂತೆ, ಸರಿ ಇಲ್ಲ ಅಂತ ಮತ್ತೆ ಉಜ್ಜುತ್ತಾನಂತೆ. ಒಬ್ಬರ ಹೆಡ್ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ, ಕೊನೆಗೆ ಹೊಸದೇ ಕೊಡಿಸಿದನಂತೆ. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಇಲ್ಲ. ಒಳ್ಳೆಯದಾಯ್ತು ನೀವು ಮೊದಲೇ ಹೇಳಿದ್ದು."

ಕೆಂಪಣ್ಣ ಗ್ಯಾಸ್ಕೆಟ್ ಕೇಳದೆ ವಾಪಸು ಬಂದ.

ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಗುಂಪಿಗೆ ಸಂದೇಶ ಹೇಳಲು ನೋಡಿದ. "ಎಲ್ಲರಿಗೂ ನಮಸ್ಕಾರ, ನಾನು ಕೆಂಪಣ್ಣ" ಎಂದು ಶುರು ಮಾಡಿ ಅಳಿಸಿದ. "ಕೆಲವು ತಾಂತ್ರಿಕ ಕಾರಣದಿಂದ" ಎಂದು ಹೇಳಿ ತನ್ನ ದನಿ ತನಗೇ ಅಸಹ್ಯವಾಗಿ ಅದನ್ನೂ ಅಳಿಸಿದ. ಐದನೆಯ ಸಲಕ್ಕೆ ಒಗೆದ ಬಟ್ಟೆ ತೆಗೆಯಲು ಬಂದ ಸಾಯಿಲಕ್ಷ್ಮಿ ಅಲ್ಲೇ ನಿಂತಳು. ಹರಿಣಿ ಅವಳಿಗೆ ಹೇಳಿರಬೇಕು.

"ಬಾಬ್ಜಿ ಗಾರು ನಮ್ಮ ಗೃಹಪ್ರವೇಶಕ್ಕೆ ಬಂದು ಎರಡು ದಿನ ನಿಂತು ಚಪ್ಪರ ಹಾಕಿದ ಮನುಷ್ಯ," ಎಂದಳು. "ಅವರಿಗೆ ಫೋನಿನಲ್ಲಿ ಹೇಳ್ತೀರಾ? ಹೋಗಿ ಬನ್ನಿ."

"ಮೊಕ ಹೆಂಗೆ ತೋರ್ಸನೇ?"

"ತೋರಿಸೋಕೆ ಕಷ್ಟ ಅಂತಲೇ ಹೋಗಬೇಕು."

ಸೋಮವಾರ ಬೆಳಗಿನ ರೈಲು ಹಿಡಿದ. ಆರು ಗಂಟೆಯ ದಾರಿಯಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ತುನಿಯಲ್ಲಿ ರೈಲು ನಿಂತಾಗ ಕಿಟಕಿಯಿಂದ ಮುಖ ಒಳಕ್ಕೆ ತೆಗೆದುಕೊಂಡ. ಗೋದಾವರಿ ದಾಟುವಾಗ ಪಕ್ಕದವರು ಕೈ ಮುಗಿದು ನಾಣ್ಯ ಎಸೆದರು. ಅವನಿಗೆ ಕೈ ಎತ್ತಲೂ ಸಂಕೋಚವಾಯಿತು. ವಿಜಯವಾಡದಲ್ಲಿ ಇಳಿದು ಆಟೋನಗರಕ್ಕೆ ಶೇರ್ ಆಟೋದಲ್ಲಿ ಕೂರುವ ಹೊತ್ತಿಗೆ ಜೋಡಿಸಿದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ.

ಬಾಬ್ಜಿಯ ಶೆಡ್ಡಿನ ಬಾಗಿಲಲ್ಲಿ ಕಾರೊಂದು ನಿಂತಿತ್ತು. ಒಳಗೆ ಮಷಿನ್ನಿನ ಸುತ್ತ ಓಡಾಡುತ್ತ ಫೋಟೋ ತೆಗೆಯುತ್ತಿದ್ದವನು ಏಲೂರಿನ ಕೃಷ್ಣಚೈತನ್ಯ, ಮೂವತ್ತರ ಆಸುಪಾಸಿನವನು. ಬಾಬ್ಜಿ ಸ್ಟೂಲಿನ ಮೇಲೆ ಕೂತಿದ್ದ. ದಪ್ಪ ಕನ್ನಡಕ. ಇಳಿದು ಹೋಗಿದ್ದ. ಕೆಂಪಣ್ಣನನ್ನು ಕಂಡವನೇ ಎದ್ದು ಎರಡೂ ಕೈ ಚಾಚಿಕೊಂಡು ಬಂದ.

"ಅನ್ನಯ್ಯಾ! ನೀವು ಬಂದ್ರಾ! ನಾನೇ ಬರಬೇಕು ಅಂತ ನಾಲ್ಕು ತಿಂಗಳಿಂದ ಅಂದುಕೊಳ್ತಾ ಇದೀನಿ, ಮುಖ ಇಲ್ಲ. ನನ್ನಿಂದ ನಿಮ್ಮ ಹೆಸರು ಕೆಟ್ಟಿತು. ಆ ಬ್ಯಾಂಕಿನ ಸಾರು, ಪಾಪ ಅವರ ಮೇಡಂ, ರೋಡಿನಲ್ಲಿ ನಿಂತರಂತಲ್ಲ. ಕ್ಷಮಿಸಿ ಅನ್ನಯ್ಯಾ. ಏಯ್, ಎದುರುಗಡೆ ಎರಡು ಟೀ ಹೇಳ್ರೋ!"

ಕೆಂಪಣ್ಣನ ಕೈಗಳು ಬಾಬ್ಜಿಯ ಕೈಗಳಲ್ಲಿದ್ದವು. ಎಳೆದುಕೊಳ್ಳಲು ಆಗಲಿಲ್ಲ.

"ನಿನ್ನ ತಪ್ಪಲ್ಲ ಬಾಬ್ಜಿ. ನಂದು."

"ನೀವು ದೊಡ್ಡ ಮನಸ್ಸಿನವರು, ಹಾಗೇ ಅಂತೀರಿ."

"ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಬೋಲ್ಟ್ ತೂತಿನಲ್ಲಿ ನಾನು ಎಣ್ಣೆ ಬಿಟ್ಟಿದ್ದೆ. ಹೆಡ್ ಕೂತಿರಲೇ ಇಲ್ಲ. ನಿನ್ನ ಗ್ರೈಂಡಿಂಗ್ ಸರಿ ಇತ್ತು."

ಬಾಬ್ಜಿ ಇಲ್ಲವೆಂಬಂತೆ ತಲೆಯಾಡಿಸಿದ. ಅವನ ಮುಖದಲ್ಲಿ ಕರುಣೆ ಕಂಡಿತು. ಕೆಂಪಣ್ಣನಿಗೆ ಅದು ಹೊಡೆತಕ್ಕಿಂತ ಹೆಚ್ಚಾಯಿತು. "ಮಷಿನ್ ಮಾರೋ ಸುದ್ದಿ ಕೇಳಿ ಓಡಿ ಬಂದಿದೀರಿ," ಎಂದ ಬಾಬ್ಜಿ. "ನನಗೆ ಸಮಾಧಾನ ಆಗಲಿ ಅಂತ ತಪ್ಪು ಮೈಮೇಲೆ ಹಾಕಿಕೊಳ್ತಾ ಇದೀರಿ. ಬೇಡ ಅನ್ನಯ್ಯಾ. ಮೂವತ್ತು ವರ್ಷದ ಮೆಕ್ಯಾನಿಕ್ಕು ತೂತು ಒಣಗಿಸದೆ ಹೆಡ್ ಕೂರಿಸ್ತಾನೆ ಅಂದ್ರೆ ಯಾರು ನಂಬ್ತಾರೆ?"

ಕೃಷ್ಣಚೈತನ್ಯ ನಕ್ಕುಬಿಟ್ಟ. "ಅದು ಐ.ಟಿ.ಐ.ಲೇ ಹೇಳಿಕೊಡ್ತಾರೆ ಬಾಬಾಯ್."

ಕೆಂಪಣ್ಣ ಬ್ಯಾಗು ಕೆಳಗಿಟ್ಟ. ಮೂಲೆಯಲ್ಲಿ ಒಂದು ಕಾರಿನ ಬ್ಲಾಕೂ ಅದರ ಹೆಡ್ಡೂ ಬಿದ್ದಿದ್ದವು. ತಾನೇ ಎಳೆದು ತಂದ. ಒಂದು ತೂತನ್ನು ಗಾಳಿಯಿಂದ ಊದಿ ಒಣಗಿಸಿದ, ಪಕ್ಕದ್ದಕ್ಕೆ ಎಣ್ಣೆ ಬಿಟ್ಟ. "ನೋಡು, ಹೀಗೆ. ಹೀಗೇ ಬಿಡ್ತಿದ್ದೆ," ಎಂದ. ತೀರ್ಥ ಹಾಕುವ ಆ ಕೈಯನ್ನು ಇನ್ನೊಬ್ಬರ ಕಣ್ಣಿನಿಂದ ಅವನು ಮೊದಲ ಸಲ ನೋಡಿದ. ಪಕ್ಕದ ಶೆಡ್ಡುಗಳಿಂದ ಮೂರು ನಾಲ್ಕು ಜನ ಬಂದು ನಿಂತಿದ್ದರು. ಗಾಜುವಾಕದ ದೊಡ್ಡ ಮೆಕ್ಯಾನಿಕ್ಕು ಏನೋ ತೋರಿಸುತ್ತಿದ್ದಾನೆಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

ಹೆಡ್ಡು ಇಟ್ಟು, ಎರಡು ಬೋಲ್ಟು ಇಳಿಸಿ, ಬಾಬ್ಜಿಯ ಟಾರ್ಕ್ ಸ್ಪ್ಯಾನರಿನಿಂದ ಬಿಗಿದ. ಎರಡು ಸಲ ಟಕ್ ಎಂದಿತು.

"ಈಗ ವಾಷರ್ ಮುಟ್ಟು."

ಬಾಬ್ಜಿ ಕನ್ನಡಕ ತೆಗೆದು ಜೇಬಿಗಿಟ್ಟ. ಅವನು ನಂಬುತ್ತಿದ್ದುದು ಬೆರಳನ್ನು. ಒಣ ತೂತಿನ ವಾಷರನ್ನು ನೂಕಿದ, ಅಲುಗಲಿಲ್ಲ. ಎಣ್ಣೆ ತೂತಿನದನ್ನು ನೂಕಿದ. ಸುಲಭವಾಗಿ ತಿರುಗಿತು. ಮತ್ತೆ ತಿರುಗಿಸಿದ. ಮೂರನೆಯ ಸಲವೂ ತಿರುಗಿಸಿ ನೋಡಿದ.

"ಎರಡನೇ ಸಲ ಬೇರೆ ಮಷಿನ್ನಿನಲ್ಲಿ ಉಜ್ಜಿಸಿದ್ದೆ," ಎಂದ ಕೆಂಪಣ್ಣ. "ಆಗಲೂ ಅಲ್ಲೇ ಹೋಯ್ತು. ಇನ್ನೊಂದಿದೆ ಬಾಬ್ಜಿ. ಮೊದಲನೇ ಸಲ ಬಿಚ್ಚಿದಾಗಲೇ ನಿನ್ನ ಹೆಡ್ಡಿನ ಮೇಲೆ ಪಟ್ಟಿ ಇಟ್ಟು ನೋಡಿದ್ದೆ. ಮಟ್ಟ ಸರಿಯಾಗೇ ಇತ್ತು. ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ. ಕಣ್ಣಿನ ಮಾತನ್ನೂ ಆಡಿದೆ."

ಟೀ ತಂದವನು ಲೋಟಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತ.

"ಎರಡು ಸಲ ಕಣ್ಣಿನ ಡಾಕ್ಟರ ಹತ್ರ ಹೋದೆ," ಎಂದ ಬಾಬ್ಜಿ. ದನಿ ಏರಲಿಲ್ಲ. "ಕಣ್ಣು ಚೆನ್ನಾಗಿದೆ ಅಂದ್ರು. ಅವರಿಗೇ ಬೈದೆ. ಸೀತಾಮಹಾಲಕ್ಷ್ಮಿ ಅಕ್ಕಿಯಲ್ಲಿ ಕಲ್ಲು ಹಾಕಿ ಆರಿಸೋಕೆ ಕೊಟ್ಟಳು, ನನ್ನ ಹೆಂಡತಿ, ಪರೀಕ್ಷೆ ಮಾಡೋಕೆ. ಎಲ್ಲಾ ಆರಿಸಿದೆ. ಆದರೂ ನಂಬಲಿಲ್ಲ. ಕೆಂಪಣ್ಣ ಅನ್ನಯ್ಯ ಸುಮ್ಮನೆ ಹೇಳ್ತಾರಾ ಅಂತ." ಅವನು ಕೆಂಪಣ್ಣನನ್ನು ನೇರವಾಗಿ ನೋಡಿದ. "ಒಂದು ಫೋನ್ ಮಾಡಿ ನನ್ನನ್ನ ಬೈಯಬಹುದಿತ್ತಲ್ಲ ಅನ್ನಯ್ಯಾ. ಗುಂಪಿನಲ್ಲಿ ಯಾಕೆ?"

ಕೆಂಪಣ್ಣ ಜೇಬಿನಿಂದ ಫೋನು ತೆಗೆದು, ಎಲ್ಲರ ಮುಂದೆ, ನಿಂತಲ್ಲೇ ಹೇಳಿದ. ಈ ಸಲ ಮಾತು ತಡೆಯಲಿಲ್ಲ. "ನಾನು ಗಾಜುವಾಕ ಕೆಂಪಣ್ಣ. ಏಪ್ರಿಲಿನಲ್ಲಿ ಬಾಬ್ಜಿ ಕಣ್ಣಿನ ಬಗ್ಗೆ ಹೇಳಿದ್ದು ಸುಳ್ಳು. ಅವನ ಗ್ರೈಂಡಿಂಗ್ ಸರಿ ಇತ್ತು, ಅದು ನನಗೆ ಆಗಲೇ ಗೊತ್ತಿತ್ತು. ಬೋಲ್ಟ್ ತೂತಿಗೆ ಎಣ್ಣೆ ಬಿಟ್ಟು ಗ್ಯಾಸ್ಕೆಟ್ ಸುಟ್ಟವನು ನಾನು. ಟರ್ಬೊ ಎಂಜಿನ್ ಕಟ್ಟುವವರು ತೂತು ಒಣಗಿಸಿ, ನನ್ನ ಹಾಗೆ ಮಾಡಬೇಡಿ." ಕಳಿಸಿದ.

ಕೃಷ್ಣಚೈತನ್ಯ ಮಷಿನ್ನಿನ ಮೇಲಿಂದ ಕೈ ತೆಗೆದ. "ಹಾಗಾದ್ರೆ ಬಾಬಾಯ್..."

"ಇಲ್ಲ ಬಾಬು," ಎಂದ ಬಾಬ್ಜಿ. "ಮಾರಲ್ಲ. ಊಟ ಮಾಡಿಕೊಂಡು ಹೋಗು."

"ಊಟಕ್ಕೆ ಏಲೂರಿನಿಂದ ಬಂದ ಹಾಗಾಯ್ತು," ಎಂದು ಅವನು ಗೊಣಗುತ್ತ ಕಾರಿನ ಕಡೆ ಹೋದ. ನೋಡಲು ಬಂದವರೂ ಒಬ್ಬೊಬ್ಬರಾಗಿ ಚದುರಿದರು.

ಕೆಂಪಣ್ಣನ ಫೋನು ಗುಯ್ಗುಟ್ಟತೊಡಗಿತು. ಮೊದಲನೆಯದು ರಾಮಮೋಹನನ ದನಿ. ಒತ್ತಿದ ಕೂಡಲೇ ಶೆಡ್ಡಿನ ತುಂಬ ಅವನ ನಗು. "ಅಯ್ಯೋ ರಾಮಾ! ಕೆಂಪಣ್ಣಗಾರೂ, ಎಂಜಿನ್ನಿಗೆ ಅಭ್ಯಂಜನ ಮಾಡಿಸ್ತಿದ್ರಾ? ಸೀಗೆಕಾಯಿ ಹಾಕಲಿಲ್ವಾ?" ಅದರ ಕೆಳಗೆ ಇನ್ನೊಬ್ಬ, ತಾನು ಕಳೆದ ತಿಂಗಳು ಕೆಂಪಣ್ಣನಿಂದ ಕಟ್ಟಿಸಿದ ಎಂಜಿನ್ನಿನ ಬಗ್ಗೆ ಕೇಳಿದ್ದ. ಅದರಲ್ಲೂ ಎಣ್ಣೆ ಬಿಟ್ಟಿದ್ದೀರಾ?

ಕೆಂಪಣ್ಣ ತಲೆ ಎತ್ತಲಿಲ್ಲ. ಬಾಬ್ಜಿ ಅವನ ಮುಖವನ್ನೇ ನೋಡುತ್ತಿದ್ದ. ಬಂದು ಪಕ್ಕದಲ್ಲಿ ನಿಂತು, ಟೀ ಲೋಟವನ್ನು ಅವನ ಕೈಗೆ ಕೊಟ್ಟ.

"ಅಳಿಸಿಬಿಡಿ ಅನ್ನಯ್ಯಾ," ಎಂದ ಮೆಲ್ಲಗೆ.

"ಏನು?"

"ಆ ಮೆಸೇಜು. ಈಗಲೇ ಒತ್ತಿದ್ರೆ ಎಲ್ಲರ ಫೋನಿಂದಲೂ ಹೋಗುತ್ತೆ. ಹತ್ತು ಜನ ಕೇಳಿರಬಹುದು, ಅಷ್ಟೆ. ಅವರಿಗೆ ನಾನು ಹೇಳ್ತೀನಿ. ನನಗೆ ಗೊತ್ತಾಯ್ತಲ್ಲ, ನನ್ನ ಬೆರಳಿಗೆ ಗೊತ್ತಾಯ್ತು, ಸಾಕು. ಈ ವಯಸ್ಸಿನಲ್ಲಿ ನಿಮ್ಮ ಶೆಡ್ಡಿಗೆ ಗಿರಾಕಿ ಬರದೇ ಹೋದ್ರೆ ಹರಿಣಿ ಮದುವೆ ಹೇಗೆ ಮಾಡ್ತೀರಿ? ಮಷಿನ್ ರಿಪೇರಿ ಆಯ್ತು, ಈಗ ಗ್ರೈಂಡಿಂಗ್ ಚೆನ್ನಾಗಿದೆ ಅಂತ ನಾನೇ ಗುಂಪಿನಲ್ಲಿ ಹಾಕ್ತೀನಿ. ನಿಮ್ಮ ಮಾತೂ ಉಳಿಯುತ್ತೆ, ನನ್ನ ಕೆಲಸವೂ ಬರುತ್ತೆ."

ಕೆಂಪಣ್ಣನ ಹೆಬ್ಬೆರಳು ಸಂದೇಶದ ಮೇಲೆ ಇತ್ತು. ಒತ್ತಿ ಹಿಡಿದ. ಅಳಿಸಬೇಕೇ ಎಂದು ಫೋನು ಕೇಳಿತು. ಎಲ್ಲರಿಗೂ, ಅಥವಾ ನಿಮಗೆ ಮಾತ್ರ. ಎಷ್ಟು ಹಗುರವಾಗಿ ಕೇಳಿತೆಂದರೆ ಅವನ ಎದೆಯಲ್ಲಿ ಏನೋ ಸಡಿಲವಾದ ಹಾಗಾಯಿತು. ಮಷಿನ್ ರಿಪೇರಿ ಆಯಿತಂತೆ. ಕೆಡದೇ ಇದ್ದ ಮಷಿನ್. ಏಪ್ರಿಲಿನಲ್ಲಿ ಬಾಯಿಗೆ ಬಂದಿದ್ದ ಮಾತು ಎಷ್ಟು ಸುಲಭವಾಗಿತ್ತೋ ಇದೂ ಅಷ್ಟೇ ಸುಲಭ. ಈ ಸಲ ಅದನ್ನು ಆಡಲು ಬಾಬ್ಜಿಯೇ ಒಪ್ಪಿದ್ದ.

ಏನನ್ನೂ ಅಳಿಸದೆ ಫೋನನ್ನು ಆಫ್ ಮಾಡಿ ಜೇಬಿಗಿಟ್ಟ. ಲೋಟವನ್ನು ಬ್ಲಾಕಿನ ಮೇಲಿಟ್ಟು ಬ್ಯಾಗು ಎತ್ತಿಕೊಂಡ.

"ಎಲ್ಲಿಗೆ? ಟೈಮ್ ಆಗುತ್ತೆ ಅನ್ನಯ್ಯಾ, ಆಮೇಲೆ ಅಳಿಸೋಕೆ ಬರಲ್ಲ. ಕೊಡಿ ಇಲ್ಲಿ, ನಾನು ಮಾಡ್ತೀನಿ," ಎಂದ ಬಾಬ್ಜಿ.

ಕೆಂಪಣ್ಣ ಶೆಡ್ಡಿನ ಮೆಟ್ಟಿಲಿಳಿದ. ಎದುರಿಗೆ ಬಿಚ್ಚಿ ನಿಲ್ಲಿಸಿದ ಲಾರಿಗಳ ಸಾಲು, ಅವುಗಳ ನಡುವೆ ಒಬ್ಬ ಮನುಷ್ಯ ಹೋಗುವಷ್ಟು ದಾರಿ.

"ಊಟಾನಾದರೂ ಮಾಡಿ ಹೋಗಿ. ಸೀತಾಮಹಾಲಕ್ಷ್ಮಿಗೆ ಏನು ಹೇಳಲಿ? ಅನ್ನಯ್ಯಾ, ಕೇಳಿ, ನನಗೇನೂ ಇಲ್ಲ, ನೀವು ಮುಂದಿನ ಹೆಡ್ಡು..."

ಬಾಬ್ಜಿ ಇನ್ನೂ ಹೇಳುತ್ತಲೇ ಇದ್ದ. ಕೆಂಪಣ್ಣ ಲಾರಿಗಳ ನಡುವಿನ ದಾರಿಯಲ್ಲಿ, ಹಿಂತಿರುಗಿ ನೋಡದೆ, ರಸ್ತೆಯ ಕಡೆಗೆ ನಡೆದ.